ಮೀನಿನ ಪೆಟ್ಟಿಗೆಯಲ್ಲಿ ಮದರಂಗಿ

ದೊಡ್ಡಪ್ಪನ ಹೊಸ ಮನೆಗೆ ದಾರಿ ಮಾಡುವಾಗ ಜೆಸಿಬಿ ನಮ್ಮ ಬಾವಿಕಟ್ಟೆಯ ಪಕ್ಕದ ಮದರಂಗಿ ಗಿಡವನ್ನು ಬೇರುಸಮೇತ ಕಿತ್ತು ನೀರು ಹರಿಯುವ ತೋಡಿನ ಆಚೆಗೆ ಎಸೆಯಿತು. ಅದು ನನ್ನ ತಾಯಿ, ಉಮ್ಮ ನೆಟ್ಟ ಗಿಡ. ಕಲ್ಲಡ್ಕದ ನಮ್ಮ ಓಣಿಯಲ್ಲಿ ಯಾವ ಹುಡುಗಿಗೆ ಮದುವೆಯಾದರೂ ಎಲೆ ಅಲ್ಲಿಂದಲೇ ಹೋಗುತ್ತಿತ್ತು. ಅಂಗಡಿಗೆ ಮದರಂಗಿಯ ಕೋನ್ ಬಂದ ಮೇಲೆ ಎಲೆ ಕೇಳುವವರು ಕಡಿಮೆಯಾದರು. ಉಮ್ಮ ಮಾತ್ರ ಕೊನೆಯವರೆಗೂ ಎಲೆಯನ್ನೇ ಅರೆದಳು. ಅವಳು ತೀರಿಕೊಂಡು ಆಗ ಇನ್ನೂ ಒಂದು ವರ್ಷ ಆಗಿರಲಿಲ್ಲ.

ನಮ್ಮಲ್ಲಿ ತೀರಿಕೊಂಡವರ ಕಬರಿನ ತಲೆಯ ಬದಿಗೆ ಒಂದು ಹಸಿರು ಗಿಡ ನೆಡುತ್ತಾರೆ. ಅದು ಹಸಿರಾಗಿರುವಷ್ಟು ಕಾಲ ಒಳಗಿರುವವರಿಗೆ ತಂಪು ಎಂದು ನಂಬಿಕೆ. ಉಮ್ಮನಿಗೆ ಆತುರದಲ್ಲಿ ಊರಿದ ಕೊಂಬೆ ಬೇಸಿಗೆಗೆ ಒಣಗಿತ್ತು. ಹೆಂಗಸರು ಕಬರಸ್ಥಾನಕ್ಕೆ ಹೋಗುವ ಕ್ರಮ ನಮ್ಮ ಮನೆಯಲ್ಲಿಲ್ಲ. ನಾನು ಕಳುಹಿಸಬಹುದಾಗಿದ್ದದ್ದು ಗಿಡ ಒಂದನ್ನೇ. ಅವಳದೇ ಗಿಡ ಅವಳ ಬಳಿ ಇರಲಿ ಎಂದು ನನ್ನ ಆಸೆ.

ತೋಡಿನ ಆಚೆಯಿಂದ ಕಡ್ಡಿಗಳನ್ನು ಕತ್ತರಿಸಿ ತಂದೆ. ಮಣ್ಣಿಗೆ ಊರಿದವು ಮಳೆಗೆ ಕೊಳೆತವು. ಉಳಿದವನ್ನು ಅಣ್ಣ ಅನ್ಸಾಫ್ ಎತ್ತಿಕೊಂಡ. ಅವನು ಒಮಾನಿನ ನರ್ಸರಿಯೊಂದರಲ್ಲಿ ಕೆಲಸಕ್ಕಿದ್ದು ರಜೆಯಲ್ಲಿ ಬಂದಿದ್ದ. ಅಲ್ಲಿ ಮಣ್ಣೇ ಇಲ್ಲದೆ, ಗೊಬ್ಬರ ಕರಗಿಸಿದ ನೀರಿನಲ್ಲಿ ಕಡ್ಡಿಗೆ ಬೇರು ಬರಿಸುತ್ತಾರಂತೆ. ಮೀನು ಮಾರುವವನಿಂದ ಒಂದು ಥರ್ಮಾಕೋಲ್ ಪೆಟ್ಟಿಗೆ ತಂದು, ಮುಚ್ಚಳಕ್ಕೆ ತೂತು ಕೊರೆದು, ಕಡ್ಡಿಗಳಿಗೆ ಸ್ಪಂಜಿನ ಚೂರು ಸುತ್ತಿ ಇಳಿಬಿಟ್ಟ.

"ಇದ್ರ ಮೀನಿನ ವಾಸನೆ ಹೋಗ್ಲಿಲ್ಲ ಮಾರಾಯ. ಬೇರು ಬರುವ ಮೊದ್ಲು ಬೆಕ್ಕು ಬರ್ತದೆ," ಎಂದರು ಖದೀಜ ಮಾಮಿ. ಅವರು ನಮ್ಮ ತಂದೆಯ, ಉಪ್ಪನ ಅಕ್ಕ. ಉಮ್ಮ ಹೋದ ಮೇಲೆ ನಮ್ಮೊಟ್ಟಿಗೇ ಇದ್ದರು.

"ಬರ್ಲಿ ಮಾಮಿ. ಕಾವಲಿಗೆ ಆಯ್ತು," ಎಂದ ಅಣ್ಣ.

ಮೀನು ಸಾಕುವ ತೊಟ್ಟಿಗೆ ಇಡುವಂಥ ಸಣ್ಣ ಪಂಪನ್ನು ಅವನು ನೀರಿಗೆ ಬಿಟ್ಟ. ಗುಳ್ಳೆ ಎದ್ದಿತು. "ಬೇರು ಉಸಿರಾಡ್ತದೆ ಹಸ್ನಾ. ನೀರಿಗೆ ಗಾಳಿ ಹೋಗ್ಲೇಬೇಕು," ಎಂದು ನನಗೆ ಹೇಳಿಕೊಟ್ಟು ಅವನು ಒಮಾನಿಗೆ ಹೋದ. ಕರೆಂಟು ಹೋದಾಗಲೆಲ್ಲ ನಾನು ಚೊಂಬಿನಲ್ಲಿ ನೀರು ಎತ್ತಿ ಎತ್ತಿ ಹೊಯ್ಯುತ್ತಿದ್ದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಇಷ್ಟು ಗಮನ ಕೊಟ್ಟು ಯಾವುದನ್ನೂ ಕಲಿತಿರಲಿಲ್ಲ. ಒಂದು ಬೆಳಿಗ್ಗೆ ಮುಚ್ಚಳ ಎತ್ತಿದಾಗ ಮೂರು ಕಡ್ಡಿಗಳ ತುದಿಯಲ್ಲಿ ಸೇಮಿಗೆಯ ಎಳೆಯ ಹಾಗೆ ಬಿಳಿ ಬೇರು.

"ಬೆರಳುದ್ದ ಆಗ್ಲಿ. ಮತ್ತೆ ಉಪ್ಪನ ಕೈಯಲ್ಲಿ ಕೊಡು," ಎಂದ ಅಣ್ಣ ಫೋನಿನಲ್ಲಿ.

ಆ ವರ್ಷವೇ ಊರಿಗೆಲ್ಲ ಚಿಕೂನ್‌ಗುನ್ಯಾ ಬಂದದ್ದು. ಮಾಮಿಯ ಜ್ವರ ಇಳಿದರೂ ಗಂಟುಗಳ ನೋವು ಬಿಡಲಿಲ್ಲ. ಲೋಟ ಹಿಡಿಯಲಿಕ್ಕೂ ಬೆರಳು ಮಡಚುತ್ತಿರಲಿಲ್ಲ. ಎಲ್ಲೂ ನೀರು ನಿಲ್ಲಬಾರದು, ನಿಂತಲ್ಲಿ ಸೀಮೆಣ್ಣೆ ಹಾಕಿ ಎಂದು ಶುಕ್ರವಾರ ಜುಮಾ ನಮಾಜು ಆದ ಮೇಲೆ ಮಸೀದಿಯಲ್ಲಿ ಹೇಳಿದರಂತೆ. ಉಪ್ಪ ಬಂದು ನಮಗೂ ಹೇಳಿದರು. ಪೆಟ್ಟಿಗೆಯ ನೀರು ಪಂಪಿನಿಂದ ಕದಡುತ್ತಲೇ ಇತ್ತು, ಅದರಲ್ಲಿ ಸೊಳ್ಳೆ ಆಗುವಂತಿರಲಿಲ್ಲ. ಹಾಗಾಗಿ ನನಗೆ ಅದರ ಯೋಚನೆಯೇ ಬರಲಿಲ್ಲ.

ಮಾಮಿಯ ನೋವಿನ ಮಾತ್ರೆ ಮುಗಿದು ನಾನು ಬಂಟ್ವಾಳಕ್ಕೆ ಹೋದೆ. ಆಸ್ಪತ್ರೆಯಲ್ಲಿ ಜನವೋ ಜನ. ಬರುವಾಗ ಸಂಜೆಯಾಯಿತು. ಅಂಗಳಕ್ಕೆ ಕಾಲಿಟ್ಟಾಗಲೇ ಪಂಪಿನ ಸದ್ದು ಕೇಳಲಿಲ್ಲ. ಸೀಮೆಣ್ಣೆಯ ವಾಸನೆ ಬಂತು.

"ಬೆಳಿಗ್ಗೆ ನೀನು ಹೋದ ಕೂಡ್ಲೆ ಹಾಕಿದೆ," ಎಂದರು ಮಾಮಿ. "ಪೆಟ್ಟಿಗೆ ಎತ್ತಿ ಚೆಲ್ಲುವ ಅಂದ್ರೆ ಕೈ ಬರ್ಲಿಲ್ಲ. ಹೇಗೂ ನಿನ್ನ ಗಿಡ ಉಂಟಲ್ಲ ಅದ್ರಲ್ಲಿ. ಎಣ್ಣೆ ಮೇಲೆ ತೇಲ್ತದೆ, ಬೇರು ಕೆಳಗೆ ಉಂಟು. ಎಣ್ಣೆ ಕದಡಬಾರ್ದು ಅಂತ ಪಂಪಿನ ಸ್ವಿಚ್ಚೂ ಬಂದ್ ಮಾಡ್ದೆ."

ಮುಚ್ಚಳ ಎತ್ತಿದರೆ ಬೇರು ಎಣ್ಣೆಯ ಪದರ ದಾಟಿಯೇ ಹೊರಗೆ ಬರಬೇಕು. ತಳದಲ್ಲಿ ತೂತು ಮಾಡಿ ನೀರು ಬಿಟ್ಟರೆ ಎಣ್ಣೆ ಇಳಿದು ಬೇರಿನ ಮೇಲೆಯೇ ಕೂರುತ್ತದೆ. ಕೊನೆಗೆ ಬಾವಿಯಿಂದ ಕೊಡ ಕೊಡ ಸೇದಿ, ಒಂದು ಮೂಲೆಯಿಂದ ಮೆಲ್ಲಗೆ ಹೊಯ್ದು, ಎಣ್ಣೆ ಅಂಚು ದಾಟಿ ಹರಿದುಹೋಗುವವರೆಗೆ ಉಕ್ಕಿಸಿದೆ. ಪಂಪು ಹಾಕಿದೆ. ತಡವಾಗಿತ್ತು. ಬೇರುಗಳು ಕಂದಾದವು, ಆಮೇಲೆ ಮುಟ್ಟಿದರೆ ಬೆರಳಿಗೆ ಅಂಟಿ ಬಂದವು. ಕಡ್ಡಿಯ ಬುಡ ಕಪ್ಪಾಗುತ್ತಾ ಮೇಲೆ ಹತ್ತಿತು. ತುದಿಯ ನಾಲ್ಕೆಲೆಗಳಿಗೆ ಮಾತ್ರ ಅದು ಇನ್ನೂ ಗೊತ್ತಾಗಿರಲಿಲ್ಲ.

ಶುಕ್ರವಾರ ಉಪ್ಪ ಬಿಳಿ ಅಂಗಿ ಹಾಕಿ ಬಂದು ಕೇಳಿದರು. "ಆಯ್ತಾ? ಒಂದು ಕೊಡು, ನೆಟ್ಟು ಬರ್ತೇನೆ."

ಮಾಮಿ ಬಾಗಿಲಲ್ಲೇ ಕೂತು ನನ್ನನ್ನೇ ನೋಡುತ್ತಿದ್ದರು. ನಾನು ಎಲೆಯಿದ್ದ ಒಂದು ಕಡ್ಡಿಯನ್ನು ಎತ್ತಿ, ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಕೊಟ್ಟೆ. ಉಪ್ಪ ಬಟ್ಟೆ ಸ್ವಲ್ಪ ಸರಿಸಿ ಕಪ್ಪಾದ ಬುಡ ನೋಡಿದರು. ಮತ್ತೆ ಸುತ್ತಿಕೊಂಡು ಹೋದರು.

ಮುಂದಿನ ಶುಕ್ರವಾರ "ಉಂಟು, ಹಸಿರು ಉಂಟು" ಎಂದರು. ಅದರ ಮುಂದಿನ ವಾರವೂ ಹಾಗೆಯೇ ಹೇಳಿದರು. ಅಷ್ಟರಲ್ಲಿ ನಾನು ಪೆಟ್ಟಿಗೆಯಲ್ಲಿ ಉಳಿದ ಕಡ್ಡಿಗಳನ್ನು ತೆಂಗಿನ ಬುಡಕ್ಕೆ ಎಸೆದಾಗಿತ್ತು. ಒಂದರಲ್ಲೂ ಜೀವ ಇರಲಿಲ್ಲ. ರಂಜಾನ್ ಬರುವ ಹೊತ್ತಿಗೆ ಉಪ್ಪ, "ಚಿಗುರಿದೆ" ಎಂದರು.

ಮಾಮಿ ಬಾತ ಕೈಗಳೆರಡನ್ನೂ ಕಷ್ಟಪಟ್ಟು ಎತ್ತಿ ಅಲ್ಲಾಹನನ್ನು ನೆನೆದರು. "ನಾನು ಹೇಳ್ಲಿಲ್ವಾ ಹಸ್ನಾ, ಎಣ್ಣೆ ಮೇಲೆಯೇ ತೇಲ್ತದೆ ಅಂತ. ಎಷ್ಟು ದಿನ ಮುಖ ಊದಿಸಿಕೊಂಡಿದ್ದಿ ನೀನು."

ಉಪ್ಪ ಚಹಾದ ಲೋಟವನ್ನೇ ನೋಡುತ್ತಿದ್ದರು.

"ಹೌದು ಮಾಮಿ," ಎಂದೆ.

ಅಲ್ಲಿಗೆ, ಉಮ್ಮನ ಕಬರಿಗೆ ಬೇರೆ ಏನಾದರೂ ನೆಡಿ ಎಂದು ಉಪ್ಪನಿಗೆ ಹೇಳುವ ದಾರಿಯೂ ಮುಚ್ಚಿತು. ಚಿಗುರಿದ ಗಿಡ ಇರುವಲ್ಲಿ ಇನ್ನೊಂದು ಗಿಡ ಯಾರು ನೆಡುತ್ತಾರೆ?