ಪಿಳ್ಳಪ್ಪನ ಎಡೆ

ನನ್ನ ಗಂಡ ಪಿಳ್ಳಪ್ಪ ತೆಂಗಿನ ಮರದಿಂದ ಬಿದ್ದು ಸತ್ತಾಗ ಅವರಿಗೆ ಎಪ್ಪತ್ತೊಂದು ವರ್ಷ. ಆ ವಯಸ್ಸಿನಲ್ಲೂ ಮರ ಹತ್ತುತ್ತಿದ್ದರು ಎಂದು ಊರಲ್ಲಿ ಒಬ್ಬರೂ ಹೇಳಲಿಲ್ಲ. ಬಿದ್ದರು ಎಂದಷ್ಟೇ ಹೇಳಿದರು. ಬಿದ್ದದ್ದಕ್ಕೆ ಕಾರಣವನ್ನೂ ಅವರೇ ಹುಡುಕಿಕೊಂಡರು. ಒಂಬತ್ತು ವರ್ಷದಿಂದ ಹೆಂಡತಿ ಬರೀ ಸೊಪ್ಪುಸದೆ ತಿನ್ನಿಸಿದಳಂತೆ, ಕೈಯಲ್ಲಿ ಹಿಡಿತವೇ ಹೋಗಿತ್ತಂತೆ.

ಆ ಹೆಂಡತಿ ನಾನೇ, ರುಕ್ಮಿಣಮ್ಮ. ತೂಬಗೆರೆ ಪಕ್ಕದ ನಮ್ಮೂರಿನಲ್ಲಿ ಮೂವತ್ತು ವರ್ಷ ಅಂಗನವಾಡಿ ನಡೆಸಿದವಳು. ಹೀಗೆ ಆಡಿಕೊಂಡವರಲ್ಲಿ ಅರ್ಧ ಜನರ ಮೂಗು ಒರೆಸಿ ಹೆಸರುಕಾಳು ತಿನ್ನಿಸಿದ್ದು ಇದೇ ಕೈ. ಮರದ ಸುಳಿಯಲ್ಲಿ ಕಣಜದ ಗೂಡಿತ್ತು. ಅವರ ಮುಖ, ಕತ್ತು ಊದಿಕೊಂಡಿದ್ದನ್ನು ಹೆಣ ತೊಳೆದವರೆಲ್ಲ ನೋಡಿದ್ದರು. ಆದರೂ ಕಣಜದ ಮೇಲೆ ತಪ್ಪು ಹೊರಿಸುವುದಕ್ಕಿಂತ ಹೆಂಡತಿಯ ಮೇಲೆ ಹೊರಿಸುವುದು ಸುಲಭ. ಊರಿನ ಬಾಯಿಗೆ ಬೀಗ ಹಾಕಲಾದೀತೇ ಎಂದು ಮೂರು ತಿಂಗಳು ಸುಮ್ಮನಿದ್ದೆ. ಅಷ್ಟರಲ್ಲಿ ಪಿತೃಪಕ್ಷ ಬಂತು.

ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ಸತ್ತವರಿಗೆ ಎಡೆ ಇಡುತ್ತೇವೆ. ಒಳಕೋಣೆಯಲ್ಲಿ ಮಣೆ ಹಾಕಿ, ಅದರ ಮೇಲೆ ಹೊಸ ಪಂಚೆ, ಫೋಟೋ ಇಟ್ಟು, ಮುಂದೆ ಬಾಳೆಎಲೆ ಹಾಸುತ್ತೇವೆ. ಸತ್ತವರಿಗೆ ಇಷ್ಟವಾಗಿದ್ದುದೆಲ್ಲ ಆ ಎಲೆಯ ಮೇಲಿರಬೇಕು. ಮಾಂಸ ತಿನ್ನುತ್ತಿದ್ದವರಿಗೆ ಬಾಡು, ಕುಡಿಯುತ್ತಿದ್ದವರಿಗೆ ಬ್ರಾಂದಿ, ಬೀಡಿ ಸೇದುತ್ತಿದ್ದವರಿಗೆ ಬೀಡಿಯ ಜೊತೆಗೆ ಬೆಂಕಿಪೊಟ್ಟಣ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತೇವೆ. ಸ್ವಲ್ಪ ಹೊತ್ತಾದ ಮೇಲೆ ಮನೆತನದ ಹಿರಿಯ ಗಂಡಸು ಕೆಮ್ಮಿ ಸದ್ದು ಮಾಡಿ, ಒಳಗೆ ಹೋಗಿ ಎಲೆ ನೋಡುತ್ತಾನೆ. ಹಿರಿಯರು ಬಂದು ಮುಟ್ಟಿದ್ದಾರೋ ಇಲ್ಲವೋ ಎಂದು ಅವನು ಹೇಳಬೇಕು. ಮುಟ್ಟದಿದ್ದರೆ ಸತ್ತವರ ಆಸೆ ತೀರಿಲ್ಲ ಎಂದು ಅರ್ಥ.

ನಮ್ಮ ಮನೆತನದಲ್ಲಿ ಈಗ ಹಿರಿಯ ಗಂಡಸು ನನ್ನ ಮೈದುನ ಕೆಂಪರಾಜ್. ಸೊಪ್ಪುಸದೆಯ ಮಾತನ್ನು ಅರಳಿಕಟ್ಟೆಯ ಮೇಲೆ ಮೊದಲು ಆಡಿದವನೂ ಅವನೇ. ಹಬ್ಬಕ್ಕೆ ಎರಡು ದಿನ ಮೊದಲೇ ನನ್ನ ಮಗ ಬೈರೇಶನಿಗೆ ಫೋನ್ ಮಾಡಿ, "ಬಾಡಿನೆಡೆ ನಂದು. ನಮ್ಮಣ್ಣ ಬದುಕಿದ್ದಾಗ ಬಾಯಿ ಕಟ್ಕೊಂಡಿದ್ದು ಸಾಕು" ಎಂದಿದ್ದ.

ಬೈರೇಶ ದೊಡ್ಡಬಳ್ಳಾಪುರದ ಫ್ಯಾಕ್ಟರಿಯೊಂದರಲ್ಲಿ ಶಿಫ್ಟ್ ಕೆಲಸ ಮಾಡುತ್ತಾನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಸ್ವಭಾವ. "ಎರಡು ಎಲೆ ಹಾಕ್ಬಿಡಾಣ ಕಣಮ್ಮ. ಒಂದ್ರಲ್ಲಿ ನಿಂದು, ಒಂದ್ರಲ್ಲಿ ಚಿಕ್ಕಪ್ಪಂದು" ಎಂದ.

"ನಿಮ್ಮಪ್ಪ ಒಬ್ರೇ. ಎಲೆನೂ ಒಂದೇ" ಎಂದೆ.

ಒಂದು ಚೂರು ಬಾಡು ಆ ಎಲೆಯ ಮೇಲೆ ಬಿದ್ದರೂ, ಗಂಡನ ಬಾಯಿ ಕಟ್ಟಿ ಸಾಯಿಸಿದೆ ಎಂದು ನಾನೇ ಒಪ್ಪಿಕೊಂಡ ಹಾಗೆ. ಅಷ್ಟೇ ಅಲ್ಲ, ಒಂಬತ್ತು ವರ್ಷ ಅವರು ತಾವಾಗಿಯೇ ಬದುಕಿದ ಬದುಕನ್ನು ಅವರಿಂದ ಕಿತ್ತುಕೊಂಡ ಹಾಗೆ. ಅದಕ್ಕೆ ನಾನು ತಯಾರಿರಲಿಲ್ಲ.

ಬಾಡು ಬಿಟ್ಟದ್ದು ಅವರೇ, ಬಿಡಿಸಿದ್ದು ನಾನಲ್ಲ. ಒಂದು ಕಾಲದಲ್ಲಿ ಸುತ್ತಲ ಊರುಗಳ ಯಾವ ಬೀಗರೂಟದಲ್ಲೂ ತಲೆಮಾಂಸ ಮೊದಲು ಬರುತ್ತಿದ್ದುದು ಅವರ ಎಲೆಗೆ. ಅರವತ್ತೆರಡರಲ್ಲಿ ಎದೆನೋವು ಬಂತು. ಆಸ್ಪತ್ರೆಯಲ್ಲಿ ನೋಡಿದರೆ ಸಕ್ಕರೆ ಮುನ್ನೂರು ದಾಟಿತ್ತು, ಕೊಬ್ಬಿನ ಲೆಕ್ಕವೂ ಮೇಲಿತ್ತು. ಡಾಕ್ಟರು ಬಾಡು ಕಮ್ಮಿ ಮಾಡಿ ಎಂದಷ್ಟೇ ಹೇಳಿದ್ದರು. ಬಸ್ಸಿನಲ್ಲಿ ಬರುವಾಗ ಇವರು, "ಕಮ್ಮಿ ಮಾಡೋದು ನನ್ನ ಕೈಲಾಗಲ್ಲ ಕಣೇ. ಬಿಡೋದಾದ್ರೆ ಬಿಟ್ಬಿಡ್ತೀನಿ" ಎಂದರು. ಬಿಟ್ಟೇಬಿಟ್ಟರು.

ಬಿಟ್ಟ ಮೇಲೆ ಬಡಿಸುವುದು ನನ್ನ ಕೆಲಸ. ಸೊಪ್ಪು ತಿಂದರೆ ಶಕ್ತಿ ಬರುವುದಿಲ್ಲ ಎನ್ನುವವರು ಸೊಪ್ಪನ್ನು ತಿನ್ನುವ ರೀತಿ ಕಲಿತಿಲ್ಲ. ಮುದ್ದೆ ಚಿಕ್ಕದು ಮಾಡಿದೆ, ಸಾರಿನಲ್ಲಿ ಕಾಳು ಜಾಸ್ತಿ ಮಾಡಿದೆ. ಹುರುಳಿ, ಅಲಸಂದೆ, ಹೆಸರು ಎಲ್ಲವನ್ನೂ ಮೊಳಕೆ ಕಟ್ಟಿದೆ. ಬದುವಿನ ಮೇಲಿನ ಬೆರಕೆ ಸೊಪ್ಪು ತಂದು ಮಸ್ಸೊಪ್ಪು ಮಾಡಿ ಮೇಲೆ ನಿಂಬೆಹಣ್ಣು ಹಿಂಡಿದೆ. ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಬೇಕಾದರೆ ಹುಳಿ ಬೇಕು. ಉಂಡ ಕೂಡಲೇ ಟೀ ಕುಡಿದರೆ ಅದು ಹತ್ತುವುದಿಲ್ಲ. ಹಾಗಾಗಿ ಊಟವಾದ ಮೇಲೆ ಒಂದು ಗಂಟೆ ಟೀ ಇಲ್ಲ ಎಂದೆ. ಅದೊಂದಕ್ಕೆ ಮಾತ್ರ ಅವರು ನನ್ನ ಜೊತೆ ಒಂದು ತಿಂಗಳು ಜಗಳವಾಡಿದರು. ಸೊಪ್ಪು ಕಾಳಿನಲ್ಲಿ ಎಲ್ಲವೂ ಇದೆ ಎಂಬ ಸುಳ್ಳನ್ನೂ ನಾನು ನಂಬಿದವಳಲ್ಲ. ಬಿ-ಟ್ವೆಲ್ವ್ ಅದರಲ್ಲಿಲ್ಲ, ಅದಕ್ಕೆ ಡಾಕ್ಟರು ಬರೆದುಕೊಟ್ಟ ಗುಳಿಗೆ ನುಂಗಿಸಿದೆ. ಸಕ್ಕರೆ ಮಾತ್ರೆ ಬಿಡಿಸಲಿಲ್ಲ. ಎರಡು ವರ್ಷಕ್ಕೆ ಡಾಕ್ಟರೇ ಅದನ್ನು ಅರ್ಧಕ್ಕಿಳಿಸಿದರು.

ಬೀಗರೂಟಗಳಿಗೆ ಹೋಗುವುದನ್ನೂ ಅವರು ಬಿಡಲಿಲ್ಲ. ಮುದ್ದೆ ಅಲ್ಲಿಯದು, ಸಾರು ನಮ್ಮ ಮನೆಯ ಡಬ್ಬಿಯದು. ಅದೇ ಪಂಕ್ತಿಯಲ್ಲಿ ಕೂತು ಹುರುಳಿ ಸಾರು ಸುರಿದುಕೊಂಡು ಉಣ್ಣುತ್ತಿದ್ದರು. "ಏನ್ ಪಿಳ್ಳಪ್ಪಣ್ಣ, ಪೂಜಾರಿ ಆಗ್ಬಿಟ್ಯಾ" ಎಂದು ಯಾರೋ ರೇಗಿಸಿದರೆ, "ನನ್ನ ಬಾಯಿ, ನನ್ನ ಹೊಟ್ಟೆ. ನಿನ್ನ ಎಲೆ ನೀನು ನೋಡ್ಕೊಳ್ಲಾ" ಎನ್ನುತ್ತಿದ್ದರು.

ಅಮಾವಾಸ್ಯೆಯ ದಿನ ನಾನೂ ಸೊಸೆ ಚೈತ್ರಳೂ ಬೆಳಗ್ಗೆಯಿಂದ ಒಲೆ ಬಿಟ್ಟು ಕದಲಲಿಲ್ಲ. ಹುರುಳಿಕಟ್ಟಿನ ಸಾರು, ಮಸ್ಸೊಪ್ಪು, ನುಗ್ಗೆಸೊಪ್ಪಿನ ಪಲ್ಯ, ಬೇಯಿಸಿದ ಕಡಲೆಕಾಯಿ, ಮುದ್ದೆ. ಎಲೆಯ ತುದಿಯಲ್ಲಿ ಅರ್ಧ ಹೋಳು ನಿಂಬೆಹಣ್ಣು. ಎಲ್ಲ ಇಟ್ಟಾಯಿತು ಎನ್ನುವಾಗ ಚೈತ್ರ ಬೀರುವಿನಿಂದ ಗುಳಿಗೆಯ ಪಟ್ಟಿ ತಂದು, "ಅತ್ತೆ, ಮಾವಂದು ಇದೂ ಇಡಣ" ಎಂದಳು. ಅದರಲ್ಲಿ ನಾಲ್ಕು ಗುಳಿಗೆ ಉಳಿದಿದ್ದವು. ಅಲ್ಲಿಯವರೆಗೆ ಕೋಪದಲ್ಲೇ ಗಟ್ಟಿಯಾಗಿದ್ದ ನನಗೆ ಅಳು ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಪಟ್ಟಿಯನ್ನು ನೀರಿನ ಲೋಟದ ಪಕ್ಕ ಇಟ್ಟೆ.

ಅದೇ ಹೊತ್ತಿಗೆ ಕೆಂಪರಾಜ್ ಬಂದ. ಒಂದು ಕೈಯಲ್ಲಿ ಮಟನ್ ಸಾರಿನ ತಪ್ಪಲೆ, ಇನ್ನೊಂದು ಕೈಯಲ್ಲಿ ಕಾಲ್ ಸೂಪಿನ ಕ್ಯಾರಿಯರ್, ಷರ್ಟಿನ ಜೇಬಿನಲ್ಲಿ ಬ್ರಾಂದಿ. ಹಿಂದೆ ಹತ್ತು ಹನ್ನೆರಡು ಜನ ನೆಂಟರು. ನಾನು ಒಳಕೋಣೆಯ ಹೊಸ್ತಿಲಲ್ಲಿ ನಿಂತೆ.

"ಜರುಗಿ ಅತ್ಗೆ" ಎಂದ.

"ನಿನ್ನ ಸಾರು ಅಂಗಳದಲ್ಲಿಡು. ತಿನ್ನೋರಿಗೆ ಬಡಿಸು, ನಾನು ಯಾರಿಗೂ ಬೇಡ ಅನ್ನಲ್ಲ. ನಿಮಗೆ ತಿನ್ನೋ ಆಸೆ ಇದ್ರೆ ನಿಮ್ಮ ಹೆಸರೇಳ್ಕೊಂಡು ತಿನ್ನಿ. ಸತ್ತೋರ ಹೆಸರು ಹೇಳ್ಬೇಡಿ."

"ನಿಮ್ಮ ಹಟಕ್ಕೆ ಅವನು ಒಂಬತ್ತು ವರ್ಷ ಉಪವಾಸ ಬಿದ್ದ. ಇವತ್ತೊಂದಿನನಾದ್ರೂ ಅವನ ಇಷ್ಟದ್ದು ತಿನ್ಲಿ."

"ಉಪವಾಸ ಇದ್ದೋರು ಎಪ್ಪತ್ತೊಂದಕ್ಕೆ ಮರ ಹತ್ತಿದ್ರು. ನೀನು ಹೋದ ವಾರ ನಮ್ಮನೆ ಮೂರು ಮೆಟ್ಲು ಹತ್ತೋಕೆ ಬೈರೇಶನ ಭುಜ ಹಿಡ್ಕೊಂಡೆ."

ಹಿಂದೆ ಯಾರೋ ನಕ್ಕರು. ಕೆಂಪರಾಜನ ಮುಖ ಕೆಂಪಾಯಿತು. ಆಗ ಅವನು ಇಷ್ಟು ದಿನ ಬಚ್ಚಿಟ್ಟುಕೊಂಡಿದ್ದ ಮಾತನ್ನು ಎಲ್ಲರ ಮುಂದೆ ತೆಗೆದ.

"ಅವನಿಗೆ ಆಸೆ ಇತ್ತು ಅತ್ಗೆ. ನಿಮಗೆ ಗೊತ್ತಿಲ್ಲ. ಈ ಸಲ ಯುಗಾದಿ ಹೊಸತೊಡಕಿಗೆ ನಮ್ಮನೇಲಿ ಬಾಡು ತಿಂದ. ನಾನೇ ಬಡಿಸ್ದೆ. ನಿಮ್ಮ ಹತ್ರ ಬಾಯಿ ಬಿಟ್ಟಿರಲ್ಲ."

ನೆಂಟರೆಲ್ಲ ನನ್ನ ಮುಖ ನೋಡಿದರು. ಬೈರೇಶ ತಲೆ ತಗ್ಗಿಸಿದ.

"ನಿಮ್ಮ ಹಿತ್ತಲಿನ ಹಲಸಿನ ಮರದ ಕೆಳಗೆ. ಎರಡು ಚೂರು ಬಾಡು, ಒಂದು ನಲ್ಲಿಮೂಳೆ. ಅಲ್ವಾ" ಎಂದೆ.

"ನಿಮಗೆ ಹೆಂಗ್ ಗೊತ್ತು?" ಎಂದ ಕೆಂಪರಾಜ್.

"ಆವತ್ತೇ ಸಂಜೆ ಬಂದು ಹೇಳಿದ್ರು. ಏನಂದ್ರು ಗೊತ್ತಾ? 'ಕೆಂಪ ಸೌಟು ಹಿಡ್ಕೊಂಡು ನಿಂತ್ಬಿಟ್ಟಿದ್ದ ಕಣೇ. ಬೇಡ ಅಂದಿದ್ರೆ ಅತ್ತೇಬಿಡ್ತಿದ್ದ. ಬಾಡಿನ ಆಸೆಗಲ್ಲ, ಅವನ ಮುಖ ನೋಡಿ ತಿಂದೆ' ಅಂದ್ರು. ನಾನು ಸಿಟ್ಟು ಮಾಡ್ಕೊಂಡು ಎರಡು ದಿನ ಮಾತು ಬಿಟ್ಟಿದ್ದೆ. ಅದು ನನ್ನ ತಪ್ಪು, ಒಪ್ಕೋತೀನಿ."

ಈ ಅಣ್ಣತಮ್ಮಂದಿರ ತಾಯಿ ಬೇಗ ಹೋದವರು. ಚಿಕ್ಕಂದಿನಲ್ಲಿ ಹಬ್ಬದ ದಿನ ತನ್ನ ಪಾಲಿನ ಬಾಡನ್ನು ತಮ್ಮನ ಎಲೆಗೆ ದಾಟಿಸಿ, ತಾನು ಬರೀ ಸಾರಿನಲ್ಲಿ ಮುದ್ದೆ ನುಂಗುತ್ತಿದ್ದ ಅಣ್ಣ ನನ್ನ ಗಂಡ. ಇದನ್ನು ನನಗೆ ಹೇಳಿದ್ದು ಬೇರೆ ಯಾರೂ ಅಲ್ಲ, ಕೆಂಪರಾಜನೇ, ನಾನು ಮದುವೆಯಾಗಿ ಬಂದ ಹೊಸತರಲ್ಲಿ. ಅದು ಅವನಿಗೂ ನೆನಪಾಗಿರಬೇಕು.

"ಅವನೇ ಹಂಗಂದ್ನಾ ಅತ್ಗೆ?"

"ನಿನ್ನಾಣೆ, ನನ್ನಾಣೆ ಬೇಡ. ಹಲಸಿನ ಮರದ ಕೆಳಗೆ ನಡೆದಿದ್ದು ನನಗೆ ಇನ್ಯಾರು ಹೇಳ್ತಾರೆ?"

ಅವನು ಹಾಗೇ ತಿರುಗಿ ಅಂಗಳಕ್ಕೆ ಹೋಗಿ, ತಪ್ಪಲೆ, ಕ್ಯಾರಿಯರ್, ಬಾಟಲಿ ಮೂರನ್ನೂ ಜಗಲಿಯ ಮೇಲಿಟ್ಟು ಬಂದ. ಬೈರೇಶ ಧೂಪ ಹಾಕಿದ. ಬಾಗಿಲು ಮುಚ್ಚಿದೆವು.

ಸತ್ತವರು ಬಂದು ಉಣ್ಣುತ್ತಾರೆ ಎಂಬ ನಂಬಿಕೆ ನನಗಿಲ್ಲ. ನಮ್ಮ ಒಳಕೋಣೆಯ ಕಿಟಕಿಗೆ ಬಾಗಿಲು ಸರಿಯಾಗಿ ಕೂರುವುದಿಲ್ಲ, ಇಲಿಗಳಿಗೂ ಕೊರತೆಯಿಲ್ಲ. ಆದರೆ ಊರು ನಂಬುತ್ತದೆ. ಇವತ್ತು ಕೆಂಪರಾಜ್ ಏನು ಹೇಳುತ್ತಾನೋ ಅದೇ ನಾಳೆ ಅರಳಿಕಟ್ಟೆಯ ಮಾತು. ಮುಟ್ಟಿಲ್ಲ ಎಂದು ಒಂದು ಮಾತು ಅಂದರೆ ಸಾಕು, ನಾನು ಸಾಯುವವರೆಗೆ ಗಂಡನ ಬಾಯಿ ಕಟ್ಟಿದವಳೇ. ಗೋಡೆಗೊರಗಿ ಕೂತು, ಏನಾದರೂ ಅನ್ನಲಿ, ಎಲೆ ಮಾತ್ರ ಬದಲಾಯಿಸುವುದಿಲ್ಲ ಎಂದುಕೊಂಡೆ.

ಕೆಂಪರಾಜ್ ಎದ್ದು ಮೂರು ಸಲ ಕೆಮ್ಮಿದ. ಬಾಗಿಲು ತೆಗೆದು ಒಳಗೆ ಹೋದ. ಎಂದಿಗಿಂತ ಹೆಚ್ಚು ಹೊತ್ತು ಒಳಗಿದ್ದ. ಹೊರಗೆ ಬಂದಾಗ ಕಣ್ಣು ಒದ್ದೆಯಾಗಿತ್ತು.

"ಮುಟ್ಟವ್ನೆ ಅತ್ಗೆ" ಎಂದ. "ಹುರುಳಿ ಸಾರು ಮುಟ್ಟವ್ನೆ. ಮುದ್ದೆ ಮೇಲೆ ಬೆರಳಿನ ಗುರುತೈತೆ."

ನಾನು ಎದ್ದು ಬಾಗಿಲಿಂದ ಇಣುಕಿದೆ. ಮುದ್ದೆಯ ನೆತ್ತಿಯಲ್ಲಿ ಒಂದು ಗುಳಿ ಬಿದ್ದಿತ್ತು. ಕೆಂಪರಾಜನ ಬಲಗೈ ಹೆಬ್ಬೆರಳಿನಲ್ಲಿ ಚೂರು ರಾಗಿಮುದ್ದೆ ಅಂಟಿತ್ತು. ನಾನು ನೋಡಿದ್ದನ್ನು ಅವನೂ ನೋಡಿದ. ಕೈಯನ್ನು ಪಂಚೆಯಲ್ಲಿ ಮರೆಮಾಡಿಕೊಂಡ.

"ಕೈ ತೊಳ್ಕೊಂಡು ಬಾ, ಬಡಿಸ್ತೀನಿ" ಎಂದೆ. "ಆದ್ರೆ ಇಲ್ಲಿ ಹೇಳಿದ್ದನ್ನ ನಾಳೆ ಅರಳಿಕಟ್ಟೆಲೂ ಹೇಳ್ಬೇಕು. ಅಲ್ಲೇ ಶುರು ಮಾಡಿದ್ದು ನೀನು."

ಅವನು ತಲೆಯಾಡಿಸಿದ. ನನಗೆ ಅದು ಸಾಲಲಿಲ್ಲ.

"ಬಾಯ್ಬಿಟ್ಟು ಹೇಳು."

"ಹೇಳ್ತೀನಿ ಅತ್ಗೆ. ನಮ್ಮಣ್ಣ ಹಸ್ಕೊಂಡು ಸತ್ತಿಲ್ಲ ಅಂತ ಹೇಳ್ತೀನಿ."

ಆಮೇಲೆ ಅವನ ಎಲೆಗೆ ಮುದ್ದೆ ಹಾಕಿದೆ.