ಬೆಳ್ಳಿ ದವಡೆ

ನಮ್ಮ ಕಡೆ ಒಬ್ಬರಿಗೆ ಹಲ್ಲು ನೋವು ಬಂದರೆ ಊರಿಗೆ ಊರೇ ವೈದ್ಯನಾಗುತ್ತದೆ. ಒಬ್ಬರು ಲವಂಗ ತರುತ್ತಾರೆ. ಇನ್ನೊಬ್ಬರು ತಂಬಾಕು ಒತ್ತಲು ಹೇಳುತ್ತಾರೆ. ಮೂರನೆಯವರು ತಮ್ಮ ಸೋದರಮಾವ ಇದೇ ನೋವಿನಲ್ಲಿ ಹೇಗೆ ತೀರಿಕೊಂಡ ಎಂಬುದನ್ನು ವಿವರವಾಗಿ ಹೇಳಿ, ಚಹಾ ಕುಡಿದು ಹೋಗುತ್ತಾರೆ. ಡಾಕ್ಟರ ಹೆಸರು ಎಲ್ಲಕ್ಕಿಂತ ಕೊನೆಗೆ ಬರುತ್ತದೆ.

ತಳಕಲ್ಲಿನ ಯಂಕೋಬನ ವಿಷಯದಲ್ಲಿ ಮಾತ್ರ ಇದು ತಿರುವುಮುರುವಾಯಿತು. ಅವನಿಗೆ ಡಾಕ್ಟರು ಮೊದಲು ಸಿಕ್ಕರು, ಊರು ಆಮೇಲೆ ಸಿಕ್ಕಿತು.

ಯಂಕೋಬ ಲಾರಿ ಡ್ರೈವರ್. ಎಂಬತ್ತೆರಡನೆಯ ಇಸವಿಯಲ್ಲಿ ಇರಾಕಿಗೆ ಹೋದ. ಅಲ್ಲಿ ರಸ್ತೆ ಮಾಡುವ ಕಂಪನಿಯೊಂದರಲ್ಲಿ ಜಲ್ಲಿ ಹೊಡೆಯುವ ಲಾರಿ ನಡೆಸುತ್ತಿದ್ದ. ಆಗ ಆ ದೇಶದಲ್ಲಿ ಯುದ್ಧ ನಡೆದಿತ್ತು. ಇಲ್ಲಿ ಅವನ ತಾಯಿ ಹಂಪವ್ವ ರೇಡಿಯೋದಲ್ಲಿ ಬಾಂಬು ಎಂಬ ಮಾತು ಕೇಳಿದಾಗಲೆಲ್ಲ ದೇವರಿಗೆ ಕೈಮುಗಿಯುತ್ತಿದ್ದಳು. ಬಾಂಬು ಯಂಕೋಬನ ಹತ್ತಿರ ಬರಲಿಲ್ಲ. ತನ್ನದೇ ಗಾಡಿಯ ಜಾಕಿನ ಹಿಡಿಕೆ ಸಿಡಿದು ಗದ್ದಕ್ಕೆ ಬಡಿಯಿತು. ಕೆಳದವಡೆ ಎರಡು ಕಡೆ ಮುರಿಯಿತು.

ಬಾಗ್ದಾದಿನ ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರು ಒಡೆದ ಹಲ್ಲುಗಳನ್ನು ಕಿತ್ತು, ಮುರಿದ ಎಲುಬು ಕೂಡಿಸಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸಣ್ಣ ತಂತಿ ಬಿಗಿದು ಕಟ್ಟಿದರು. ಮುರಿದ ಕಾಲಿಗೆ ಪಟ್ಟಿ ಕಟ್ಟಿ ಅಲುಗದಂತೆ ಇಡುವುದಿಲ್ಲವೇ, ಇದೂ ಹಾಗೆಯೇ. ಆರು ವಾರ ತಂತಿ ಬಿಚ್ಚಬಾರದು ಎಂದರು. ಎರಡು ವಾರ ಕಳೆಯುತ್ತಲೇ ಕಂಪನಿ ಅವನನ್ನು ಊರಿಗೆ ಕಳಿಸಿತು. ಹೊರಡುವಾಗ ಅಲ್ಲಿನ ಕೇರಳದ ನರ್ಸ್ ಒಂದು ಸಣ್ಣ ತಂತಿಕತ್ತರಿ ಕೈಗಿತ್ತು ಹಿಂದಿಯಲ್ಲಿ ಹೇಳಿದಳು: ವಾಂತಿ ಬಂದು ಉಸಿರು ಕಟ್ಟಿದರೆ ಮಾತ್ರ ಇದರಿಂದ ಕತ್ತರಿಸಬೇಕು, ಬೇರೆ ಯಾವುದಕ್ಕೂ ಅಲ್ಲ.

ಪರದೇಶದಿಂದ ಬಂದವರು ಟೇಪ್ ರೆಕಾರ್ಡರ್ ತರುತ್ತಾರೆ. ಯಂಕೋಬನೂ ತಂದಿದ್ದ. ಆದರೆ ಊರು ನೋಡಲು ಬಂದದ್ದು ಬಾಯಿಯನ್ನು.

ಪಕ್ಕದ ಮನೆಯ ಸೈದಾನಬಿ ಮೊದಲು ಬಂದಳು. ಬೆಳಕಿಗೆ ತಿರುಗಿಸಿ ನೋಡಿದಳು.

“ಹಂತಿ ಎತ್ತಿಗೆ ಬಾಯಿಕುಕ್ಕಿ ಹಾಕಿದಂಗ ಐತಲ್ಲೋ ಯಂಕ್ಯಾ. ಅಲ್ಲಿ ಯಾರ ಬೆಳಿ ಮೇದಿದ್ದಿ?”

“ಬಾದಶಹಾಂದು,” ಎಂದ ಯಂಕೋಬ, ಹಲ್ಲಿನ ಸಂದಿಯಿಂದ. ಮಾತು ಬಾಯಲ್ಲಿ ಬಟ್ಟೆ ತುರುಕಿದವರ ಮಾತಿನಂತಿತ್ತು. ಆದರೂ ತಿಳಿಯುತ್ತಿತ್ತು. ಎಲ್ಲರೂ ನಕ್ಕರು. ಅವನೂ ಮೂಗಿನಲ್ಲಿ ನಕ್ಕ.

ಹಂಪವ್ವ ನಗಲಿಲ್ಲ. ಮಂದಿ ಹೋದ ಮೇಲೆ ಸೊಸೆ ಮಾರೆವ್ವನನ್ನು ಒಲೆಯ ಹತ್ತಿರ ಕರೆದಳು.

“ನಮ್ಮಾಗ ದವಡಿ ಕಟ್ಟೋದು ಯಾರಿಗೆ?”

ಉತ್ತರ ಊರಿಗೆಲ್ಲ ಗೊತ್ತಿತ್ತು. ಹೆಣದ ಬಾಯಿ ತೆರೆದುಕೊಳ್ಳಬಾರದೆಂದು ಗದ್ದದಿಂದ ನೆತ್ತಿಗೆ ಬಟ್ಟೆ ಕಟ್ಟುತ್ತಾರೆ.

“ಉಸಿರಾಡೋ ಮಗನ ದವಡಿ ಕಟ್ಟಿ ಕಳಿಸ್ಯಾರ,” ಎಂದಳು ಹಂಪವ್ವ. “ಅದನ್ನ ನಾ ದಿನಾ ನೋಡ್ಕೋಂತ ಕುಂದ್ರಬೇಕು.”

ಮಾರೆವ್ವ ಮರುದಿನವೇ ನರ್ಸ್ ಶೇಖರಮ್ಮನನ್ನು ಕರೆತಂದಳು. ಊರೂರು ತಿರುಗಿ ಬಾಣಂತಿಯರನ್ನು ನೋಡುವ ಸರಕಾರಿ ನರ್ಸ್ ಅವಳು. ಯಂಕೋಬನ ತುಟಿ ಸರಿಸಿ ನೋಡಿ ಹೇಳಿದಳು:

“ಇಂಥಾದ್ದು ನಾನೂ ನೋಡಿಲ್ಲ ಹಂಪವ್ವ. ನೋಡದ್ದನ್ನ ಬಿಚ್ಚಬಾರದು ಅನ್ನೋದಷ್ಟು ಗೊತ್ತೈತಿ. ಬಳ್ಳಾರಿಗೆ ಹೊಂಟೀನಿ, ಹಲ್ಲಿನ ಡಾಕ್ಟ್ರನ್ನ ಕೇಳ್ಕೊಂಡು ಬರ್ತೀನಿ.”

ಕೇಳಿಕೊಂಡು ಬಂದಳು. ಗಂಜಿ, ಬೇಳೆಕಟ್ಟು, ಹಾಲು, ಮಜ್ಜಿಗೆ, ಎಲ್ಲ ಸೋಸಿ, ದಿನಕ್ಕೆ ಹಲವು ಸಲ ಸ್ವಲ್ಪಸ್ವಲ್ಪ ಕೊಡಬೇಕು. ಪ್ರತಿ ಸಲವೂ ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. ಮಲಗುವಾಗ ತಲೆ ಎತ್ತರದಲ್ಲಿರಬೇಕು. ಬೀಡಿ, ತಂಬಾಕು, ನಸಿಪುಡಿ ಹತ್ತಿರ ಬರಕೂಡದು. ಆರು ವಾರ ತುಂಬಿದ ಮೇಲೆ ಬಳ್ಳಾರಿಗೆ ಬಂದರೆ ಡಾಕ್ಟರೇ ಬಿಚ್ಚುತ್ತಾರೆ.

“ತೂಕ ಇಳಿತೈತಿ. ಹೆದರಬ್ಯಾಡ್ರಿ. ಎಲುಬು ಕೂಡಿದ ಮ್ಯಾಲೆ ತೂಕ ಬರ್ತೈತಿ. ತೂಕ ಬಂದ ಮ್ಯಾಲೆ ಎಲುಬು ಕೂಡಿಸ್ತೀನಿ ಅಂದ್ರ ಆಗಂಗಿಲ್ಲ.”

ಹಂಪವ್ವ ಗೂಡಿನಲ್ಲಿದ್ದ ತಂತಿಕತ್ತರಿ ತಂದು ಮುಂದಿಟ್ಟಳು. “ಬಿಚ್ಚಬಾರದಾಗಿದ್ರ ಇದನ್ನ ಯಾಕ ಕೊಟ್ಟಾರ ನರ್ಸಮ್ಮ? ಬೀಗ ಹಾಕಿದವರು ಕೀಲಿಕೈ ಕೊಟ್ಟಾರ ಅಂದ್ರ, ತೆಗಿರಿ ಅಂತಲ್ಲೇನು?”

“ಬಾವಿಕಟ್ಟಿ ಮ್ಯಾಲೆ ಹಗ್ಗ ಇರತೈತಿ. ಹಗ್ಗ ಐತಿ ಅಂತ ಬಾವ್ಯಾಗ ಹಾರ್ತಿಯೇನು?”

ಹಂಪವ್ವ ಸುಮ್ಮನಾದಳು. ಸುಮ್ಮನಾದವರೆಲ್ಲ ಒಪ್ಪಿದವರಲ್ಲ. ಇದು ಶೇಖರಮ್ಮನಿಗೆ ಆಗ ಹೊಳೆಯಲಿಲ್ಲ.

ಶೇಖರಮ್ಮ ಹೇಳಿದಂತೆ ಮಾರೆವ್ವ ಮಾಡಿದಳು. ಗಂಜಿ ಸೋಸುವ ಬಟ್ಟೆಯನ್ನು ದಿನವೂ ಕುದಿಸಿ ಒಣಹಾಕಿದಳು. ಯಂಕೋಬ ಕೆನ್ನೆಯ ಮೂಲೆಯಿಂದ ಗಂಜಿ ಹೀರುವ ಸದ್ದು ಪಡಸಾಲೆಗೆಲ್ಲ ಕೇಳುತ್ತಿತ್ತು. ಬಾವು ಇಳಿಯಿತು, ನೋವು ಕಡಿಮೆಯಾಯಿತು. ಆದರೆ ಅಂಗಿ ದೊಡ್ಡದಾಯಿತು, ಕಣ್ಣು ಒಳಗೆ ಹೋಯಿತು. ಒಳಗೆ ಎಲುಬು ಕೂಡುತ್ತಿದ್ದುದು ಯಾರಿಗೂ ಕಾಣುತ್ತಿರಲಿಲ್ಲ. ಹೊರಗೆ ಮನುಷ್ಯ ಕರಗುತ್ತಿದ್ದುದು ಎಲ್ಲರಿಗೂ ಕಾಣುತ್ತಿತ್ತು.

ಹಂಪವ್ವ ಹರಕೆ ಹೊತ್ತಳು. ಮಗ ಬಾಯಿ ತೆರೆದು ಒಂದು ರೊಟ್ಟಿ ತಿಂದರೆ ಹೇಮಗುಡ್ಡದ ದುರ್ಗಮ್ಮನಿಗೆ ಬೆಳ್ಳಿಯ ದವಡೆ ಮಾಡಿಸಿ ಒಪ್ಪಿಸುತ್ತೇನೆ ಎಂದು. ಕಣ್ಣು ಬೇನೆಗೆ ಬೆಳ್ಳಿಯ ಕಣ್ಣು, ಕಾಲು ನೋವಿಗೆ ಬೆಳ್ಳಿಯ ಪಾದ ಕೊಡುವುದು ನಮ್ಮಲ್ಲಿ ಇದ್ದದ್ದೇ.

ಊರಿನ ಪತ್ತಾರ ದೇವೇಂದ್ರಪ್ಪ ಅಂಥ ಬೆಳ್ಳಿ ಕಣ್ಣು, ಕೈ, ತೊಟ್ಟಿಲು ಎಷ್ಟೋ ಮಾಡಿದ್ದ. ದವಡೆ ಮಾಡಿರಲಿಲ್ಲ.

“ತೆರೆದದ್ದು ಬೇಕೋ, ಮುಚ್ಚಿದ್ದು ಬೇಕೋ?” ಎಂದು ಕೇಳಿದ.

“ತೆರೆದದ್ದು ಮಾಡಪ್ಪ. ಮುಚ್ಚಿದ್ದು ಮನ್ಯಾಗ ಐತಿ.”

“ಹಂಗಾರ ಒಮ್ಮೆ ನೋಡಬೇಕು. ಕಣ್ಣಂದ್ರ ಎಲ್ಲಾರದೂ ಒಂದ. ದವಡಿ ಹಂಗಲ್ಲ.”

ಅವನು ಬಂದ ದಿನ ಮಾರೆವ್ವ ಕಳೆ ತೆಗೆಯಲು ಹೊಲಕ್ಕೆ ಹೋಗಿದ್ದಳು. ದೇವೇಂದ್ರಪ್ಪ ಕೆಟ್ಟವನಲ್ಲ. ಹಾಗಿದ್ದರೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು. ಅವನು ಒಳ್ಳೆಯ ಕೆಲಸಗಾರ. ಇನ್ನೊಬ್ಬರ ಕೆಲಸ ಕಂಡರೆ ಸುಮ್ಮನಿರಲಾರ. ಯಂಕೋಬನ ತುಟಿ ಎತ್ತಿ, ತಂತಿಯನ್ನು ಬಹಳ ಹೊತ್ತು ನೋಡಿದ.

“ತಂತಿ ಛಲೋ ಐತಿ. ತಿರುವಿದ್ದು ಒರಟು. ನಮ್ಮ ಪತ್ತಾರ ಸಾಲ್ಯಾಗ ಹಿಂಗ ತಿರುವಿದ್ರ ನಮ್ಮಪ್ಪ ಕೈಮ್ಯಾಲೆ ಹೊಡೀತಿದ್ದ.”

ಹಂಪವ್ವ ಕತ್ತರಿ ತಂದು ಕೊಟ್ಟಳು. ದೇವೇಂದ್ರಪ್ಪ ಅದನ್ನು ತೆರೆದು ಮುಚ್ಚಿ ನೋಡಿದ. ಅಷ್ಟು ನಯವಾದ ಉಕ್ಕು ಅವನ ಕೈಗೆ ಅದುವರೆಗೆ ಬಂದಿರಲಿಲ್ಲ.

“ನಿನ್ನ ಕೈಲೆ ಆಗತೈತೇನಪ್ಪ?”

“ಕೂಸಿನ ಮೂಗಿನಾಗಿನ ನತ್ತು, ಕೂಸು ಏಳದಂಗ ಕತ್ತರಿಸೀನಿ. ಇದೇನು ದೊಡ್ಡದವ್ವ?”

“ಬ್ಯಾಡವ್ವ,” ಎಂದ ಯಂಕೋಬ. “ಡಾಕ್ಟ್ರು ಬ್ಯಾಡ ಅಂದಾರ. ಇನ್ನ ಸ್ವಲ್ಪ ದಿನ.”

ಹಂಪವ್ವ ಒಳಗೆ ಹೋಗಿ ಮುಚ್ಚಿಟ್ಟ ತಾಟು ತಂದಳು. ಅದರಲ್ಲಿ ಹಿಂದಿನ ದಿನದ ರೊಟ್ಟಿ ಇತ್ತು, ಮುರಿಯದೆ.

“ನೀ ರೊಟ್ಟಿ ಮುರಿಯೋತನಕ ನಾನೂ ಮುರಿಯಂಗಿಲ್ಲ. ಮೊನ್ನಿಂದ ಮುರಿದಿಲ್ಲ. ನಿನ್ನ ಹೇಣ್ತಿಗೆ ಗೊತ್ತಿಲ್ಲ. ಕೇಳಿದ್ರ ಉಂಡೀನಿ ಅಂದೀನಿ.”

ಯಂಕೋಬ ತಾಟು ನೋಡಿದ, ತಾಯಿಯ ಮುಖ ನೋಡಿದ. ಅವಳ ತುಟಿ ಒಣಗಿತ್ತು. ಗೋಡೆಗೆ ತಲೆ ಆನಿಸಿ, ಗದ್ದ ಎತ್ತಿ ಕುಳಿತ.

ದೇವೇಂದ್ರಪ್ಪ ಒಂದೊಂದೇ ತುಂಡು ಕತ್ತರಿಸಿ, ಚಿನ್ನದ ಚೂರು ಇಡುವಷ್ಟು ಜೋಪಾನವಾಗಿ ಕಾಗದದ ಮೇಲೆ ಇಟ್ಟ. ಒಂದು ಹನಿ ರಕ್ತ ಬರಲಿಲ್ಲ. ಹಂಪವ್ವ ಹಾಲಿನಲ್ಲಿ ರೊಟ್ಟಿ ನೆನೆಸಿ ಮಗನ ಬಾಯಿಗೆ ಇಟ್ಟಳು, ತಾನೂ ತಿಂದಳು. ಆ ಹೊತ್ತು ಆ ಮನೆಯಲ್ಲಿದ್ದ ಸಂತೋಷ ನಿಜವಾದದ್ದು. ಸೈದಾನಬಿ ಸಕ್ಕರೆ ತಂದಳು.

ಮೂರನೆಯ ತುತ್ತಿಗೆ ‘ಕಟ್’ ಎಂದು ಸದ್ದಾಯಿತು. ರೊಟ್ಟಿ ಮುರಿದ ಸದ್ದು ಎಂದುಕೊಂಡಳು ಹಂಪವ್ವ. ಹಾಲಿನಲ್ಲಿ ನೆನೆದ ರೊಟ್ಟಿ ಸದ್ದು ಮಾಡುವುದಿಲ್ಲ.

ಸಂಜೆ ಮಾರೆವ್ವ ಹೊಲದಿಂದ ಬಂದಳು. ಗಂಡನ ಗದ್ದ ಒಂದು ಕಡೆ ಜೋತಿತ್ತು. ಕಾಗದದ ಮೇಲಿನ ತಂತಿ ಚೂರುಗಳನ್ನು ನೋಡಿದಳು. ಕಳೆ ತೆಗೆಯುವ ಕುರ್ಚಿಗಿ ಕೈಯಲ್ಲೇ ಇತ್ತು, ಹಾಗೆಯೇ ಹೊಸ್ತಿಲ ಮೇಲೆ ಕುಳಿತಳು.

“ಅತ್ತಿ, ಯಾರನ್ನ ಕೇಳಿ ಬಿಚ್ಚಿಸಿದ್ರಿ?”

“ನನ್ನ ಮಗನ ಬಾಯಿಗೆ ನಾ ಯಾರನ್ನ ಕೇಳಬೇಕವಾ?”

ಬೆಳಗಾಗುವುದರೊಳಗೆ ಮುಖ ಕುಂಬಳಕಾಯಿಯಾಯಿತು. ಊರು ಮತ್ತೆ ಬಂತು. ಒಬ್ಬರು ಅರಿಷಿಣ ಮೆತ್ತಿದರು. ಒಬ್ಬರು ಸಂದಿಯಲ್ಲಿ ತಂಬಾಕು ಇಟ್ಟರು. ಇವತ್ತು ಅಮಾವಾಸ್ಯೆ, ಆಸ್ಪತ್ರೆಗೆ ನಾಳೆ ಹೋದರಾಯಿತು ಎಂದರು ಹಿರಿಯರು. ಮಾರೆವ್ವನ ಮಾತನ್ನು ಯಾರೂ ಕೇಳಲಿಲ್ಲ. ಅಮಾವಾಸ್ಯೆ ಕಳೆಯಿತು. ಜ್ವರ ಕಳೆಯಲಿಲ್ಲ. ಬಾಯಿಂದ ಕೀವಿನ ವಾಸನೆ ಬಂದಾಗ ಮಾರೆವ್ವ ಯಾರನ್ನೂ ಕೇಳದೆ ಶೇಖರಮ್ಮನನ್ನು ಕರೆತಂದಳು. ಶೇಖರಮ್ಮ ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು ಎಂದು ಹಂಪವ್ವ ಆಮೇಲೆ ಹೇಳುತ್ತಿದ್ದಳು.

“ಗಾಡಿ ಹೂಡ್ರಿ,” ಎಂದಳು ಶೇಖರಮ್ಮ, ಅಷ್ಟೇ.

ಬಳ್ಳಾರಿಯ ಡಾಕ್ಟರು ನೋಡಿ, ಹಂಪವ್ವನನ್ನು ಕೂರಿಸಿ ಹೇಳಿದರು. “ಎಲುಬು ಅರ್ಧ ಕೂಡಿತ್ತಮ್ಮ. ಹಸಿ ಇದ್ದಾಗಲೇ ಬಿಚ್ಚಿದ್ದೀರಿ. ಮತ್ತೆ ಮುರಿದಿದೆ, ಕೀವು ಎಲುಬಿನೊಳಗೆ ಹೋಗಿದೆ. ಕೆಟ್ಟ ತುಂಡು ತೆಗೆದು ಮತ್ತೆ ತಂತಿ ಕಟ್ಟುತ್ತೇನೆ. ಜೀವಕ್ಕೆ ಅಪಾಯವಾಗದಂತೆ ನೋಡಿಕೊಳ್ಳುತ್ತೇನೆ. ದವಡೆ ಮೊದಲಿನಂತೆ ಆಗುವುದಿಲ್ಲ.”

“ಮೊದಲಿನ ತಂತಿ ಬಿಚ್ಚದಿದ್ರ?”

“ಇನ್ನು ಸ್ವಲ್ಪ ದಿನಕ್ಕೆ ರೊಟ್ಟಿ ತಿನ್ನುತ್ತಿದ್ದ.”

ಎರಡನೆಯ ಸಲ ತಂತಿ ಕಟ್ಟಿಸಿಕೊಂಡು ಬಂದ ಮೇಲೆ ಹಂಪವ್ವ ಬಾಗಿಲಲ್ಲಿ ಕುಳಿತಳು. ಗಂಜಿ ಅವಳೇ ಸೋಸಿದಳು. ಉಪ್ಪುನೀರು ಅವಳೇ ಕಾಯಿಸಿ, ಬೆರಳು ಅದ್ದಿ ನೋಡಿ ಕೊಟ್ಟಳು. ಮಗ ಗಂಜಿ ಕುಡಿದ ಮೇಲೆ ತಾನು ಹೊಟ್ಟೆ ತುಂಬ ಉಂಡಳು, ಅವನಿಗೆ ಕಾಣುವಂತೆ ಎದುರಿಗೇ ಕುಳಿತು. ಸೈದಾನಬಿ ಯಾವುದೋ ಬೇರು ತಂದಾಗ ಹೊಸ್ತಿಲಲ್ಲೇ ತಡೆದಳು.

“ಒಳಗ ಬರಬ್ಯಾಡವಾ. ಬಾಯಿ ನೋಡಬೇಕಂದ್ರ ನಂದು ನೋಡ್ಕೊಂಡು ಹೋಗು.”

ತಡವಾಗಿ ಕಲಿತವರಷ್ಟು ಶಿಸ್ತು ಯಾರಿಗೂ ಇರುವುದಿಲ್ಲ. ಅದರಿಂದ ಆಗುವ ಲಾಭವೂ ಅಷ್ಟಕ್ಕಷ್ಟೇ. ಡಾಕ್ಟರು ತಂತಿ ಬಿಚ್ಚಿದಾಗ ಯಂಕೋಬನ ದವಡೆ ಎಡಕ್ಕೆ ಸರಿದು ನಿಂತಿತ್ತು. ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ಸಿಗುತ್ತಿರಲಿಲ್ಲ. ರೊಟ್ಟಿ ಇನ್ನು ಅವನ ಪಾಲಿಗಿಲ್ಲ. ಮಾತಾಡಿದರೆ ಜೊಲ್ಲು ಸೋರುತ್ತಿತ್ತು, ಕೇಳುವವರು “ಏನು? ಏನು?” ಎನ್ನುತ್ತಿದ್ದರು. ತಂತಿ ಇದ್ದಾಗ ಹಲ್ಲಿನ ಸಂದಿಯಿಂದಲೇ ಊರನ್ನು ನಗಿಸಿದವನು, ತಂತಿ ಹೋದ ಮೇಲೆ ಬಾಯಿ ಮುಚ್ಚಿದ.

ಒಂದು ದಿನ ದೇವೇಂದ್ರಪ್ಪ ಬಂದ. ಬಟ್ಟೆಯ ಗಂಟು ಬಿಚ್ಚಿ ಬೆಳ್ಳಿಯ ದವಡೆ ಮುಂದಿಟ್ಟ. ಅಂದವಾದ ಕೆಲಸ. ಹಲ್ಲುಗಳು ಮಲ್ಲಿಗೆ ಮೊಗ್ಗಿನಂತೆ ಸಾಲಾಗಿದ್ದವು.

“ಇದು ಯಾರದಪ್ಪ?” ಎಂದಳು ಹಂಪವ್ವ.

“ನಮ್ಮ ಯಂಕೋಬಂದವ್ವ.”

“ಅವಂದು ಹಿಂಗಿಲ್ಲ. ಹ್ಯಾಂಗೈತಿ ಹಂಗ ಮಾಡು. ದೇವರ ಮುಂದ ಸುಳ್ಳು ಇಡಬಾರದು.”

ದೇವೇಂದ್ರಪ್ಪ ತಲೆ ಎತ್ತಲಿಲ್ಲ. ಯಂಕೋಬನೇ ಎದ್ದು ಬಂದು, ಅವನಿಗೆ ಕಾಣುವಂತೆ ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿ ಕುಳಿತ. ಪತ್ತಾರ ಇಕ್ಕಳ ತೆಗೆದ. ಬೆಳ್ಳಿಯನ್ನು ಹಿಡಿದು ಎಡಕ್ಕೆ ಬಾಗಿಸಿದ.

“ಸಾಕೇನವ್ವ?”

ಹಂಪವ್ವ ಮಗನ ಮುಖ ನೋಡಿದಳು, ಬೆಳ್ಳಿ ನೋಡಿದಳು.

“ಇನ್ನೂ ಸ್ವಲ್ಪ,” ಎಂದಳು.

ಆ ಸೊಟ್ಟ ದವಡೆಯನ್ನೇ ಅವಳು ಹೇಮಗುಡ್ಡಕ್ಕೆ ಒಯ್ದು ಒಪ್ಪಿಸಿದಳು.

ಇದನ್ನು ಓದಿಸಿ ಕೇಳುತ್ತಿರುವ ಅವ್ವಂದಿರೇ, ಅಣ್ಣಂದಿರೇ. ನಿಮ್ಮ ಮನೆಗೂ ಯಾರಾದರೂ ಹಲ್ಲು, ದವಡೆಗೆ ದೊಡ್ಡ ಚಿಕಿತ್ಸೆ ಮಾಡಿಸಿಕೊಂಡು ಬರಬಹುದು, ಇರಾಕಿನಿಂದ ಇರಲಿ, ಮುಂಬಯಿಯಿಂದ ಇರಲಿ. ಡಾಕ್ಟರು ಹಾಕಿದ ಹೊಲಿಗೆ, ಕಟ್ಟಿದ ತಂತಿ ನೋಡಲು ಎಷ್ಟೇ ಅಶುಭವಾಗಿ ಕಂಡರೂ ಮನೆಯಲ್ಲಿ ಮುಟ್ಟಬೇಡಿ. ಅಲ್ಲಿನ ಡಾಕ್ಟರು ದೂರವಾದರೆ ಇಲ್ಲಿನ ಹಲ್ಲಿನ ಡಾಕ್ಟರಿದ್ದಾರೆ, ಬಂದ ವಾರದಲ್ಲೇ ತೋರಿಸಿ. ಸೋಸಿದ ಗಂಜಿ ಕೊಡಿ, ಉಪ್ಪುನೀರು ಕೊಡಿ, ತಂಬಾಕು ದೂರವಿಡಿ. ಕತ್ತರಿ ಕೊಟ್ಟಿದ್ದರೆ ಅದು ಉಸಿರು ಕಟ್ಟಿದ ಗಳಿಗೆಗೆ ಮಾತ್ರ. ಬಾವು, ಜ್ವರ, ಕೀವು ಕಂಡರೆ ಅಂದೇ ಹೊರಡಿ, ಕೀವಿಗೆ ಅಮಾವಾಸ್ಯೆ ತಿಳಿಯುವುದಿಲ್ಲ.

ಮಗ ಉಣ್ಣಲಾರದಾಗ ತಾಯಿ ಉಪವಾಸ ಕೂರುವುದು ಪ್ರೀತಿಯೇ. ಮುರಿದ ಎಲುಬಿಗೆ ಆ ಪ್ರೀತಿ ಬೇಡ. ಅದಕ್ಕೆ ಬೇಕಾದದ್ದು ಅಲುಗದೆ ಇರುವುದು, ಅಷ್ಟೇ. ನೀವು ಉಣ್ಣಿರಿ. ಎಲುಬನ್ನು ಅದರ ಪಾಡಿಗೆ ಕೂಡಲು ಬಿಡಿ.