ಕೂಗಿದರೆ ಕೇಳಿಸುವಷ್ಟು ದೂರ

ಶಿವಮೂರ್ತಿ ಗರಗಸದ ಪ್ಲಗ್ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದ. ಮಸಿ ಇರಲಿಲ್ಲ. ದಿನಾ ಓಡುವ ಎಂಜಿನ್ನಿನದರಂತೆ ತುದಿ ತಿಳಿಗಂದು ಬಣ್ಣಕ್ಕಿತ್ತು.

"ಒಂಬತ್ತು ವರ್ಷದಿಂದ ಇದ್ರಲ್ಲಿ ಮರಾನೇ ಕುಯ್ದಿಲ್ಲ ಅಂದ್ರಲ್ಲ ದೊಡ್ಮಾವ?"

"ಒಂದು ರೆಂಬೇನೂ ಕುಯ್ದಿಲ್ಲ ಕಣ್ಲಾ," ಎಂದರು ದೊಡ್ಡಣ್ಣ.

ಅಂಗಳದಲ್ಲಿ ಅವರ ತಮ್ಮ ಮಾಯಣ್ಣನ ಹೆಣವಿತ್ತು. ತೋಟದಲ್ಲಿ ಗುಂಡಿ ತೆಗೆದಾಗಿತ್ತು. ಆದರೆ ಬೆಳಗಿನ ಗಾಳಿಗೆ ತೋಟದ ಓಣಿಯಲ್ಲಿ ಹುಣಸೆಮರ ಅಡ್ಡ ಬಿದ್ದಿತ್ತು. ಎರಡೂ ಕಡೆ ಮುಳ್ಳುತಂತಿ. ಹುಳಿಯಾರಿನ ಗರಗಸದವನು ಸಂಜೆಗೆ ಬರುತ್ತೇನೆಂದಿದ್ದ. ಅಷ್ಟು ಹೊತ್ತು ಕಾಯುವಂತಿರಲಿಲ್ಲ. ಮಾಯಣ್ಣನದೇ ಮೆಷಿನ್ ಗರಗಸ ಕೊಟ್ಟಿಗೆಯಲ್ಲಿತ್ತು. ಒಬ್ಬನ ಜೀವ ತೆಗೆದದ್ದೆಂದು ಊರಿನವರು ಯಾರೂ ಅದನ್ನು ಮುಟ್ಟಲಿಲ್ಲ. ಹೊನ್ನವಳ್ಳಿಯಲ್ಲಿ ಪಂಪುಸೆಟ್ ರಿಪೇರಿ ಮಾಡುವ ಶಿವಮೂರ್ತಿ ಮಾಯಣ್ಣನ ಹೆಂಡತಿ ಚಿಕ್ಕಗೌರಮ್ಮನ ಅಣ್ಣನ ಮಗ. ಗರಗಸ ಸರಿಮಾಡಲು ಅವನನ್ನು ಕೂರಿಸಿದ್ದರು.

ಏರ್ ಫಿಲ್ಟರ್ ತೆಗೆದ. ತೊಳೆದು ಒಣಗಿಸಿದ್ದು. ಸಿಲಿಂಡರಿನ ಸಂದಿಗಳಲ್ಲಿ ಚೂರೂ ಧೂಳಿರಲಿಲ್ಲ. ಸೈಲೆನ್ಸರ್ ಬಿಚ್ಚಿ ಟಾರ್ಚ್ ಬಿಟ್ಟರೆ ಪಿಸ್ಟನ್ನಿನ ಮೇಲೆ ಒಂದು ಗೀರೂ ಇಲ್ಲ. ರಿಂಗ್ ಹೊಸದು. ಕಾರ್ಬುರೇಟರ್ ಹೊಸದು. ಚೈನಿನ ಒಂದೊಂದು ಹಲ್ಲಿಗೂ ಅರ ಹಾಕಿತ್ತು.

"ಮೈ ಅಷ್ಟೇ ಹಳೇದು," ಎಂದ. "ಒಳಗೆಲ್ಲ ಬದಲಾಯ್ಸವ್ರೆ. ಕೆಲ್ಸಕ್ಕೇ ತಗೀದೆ ಇರೋ ಮೆಷಿನ್ನಿಗೆ ಯಾಕೆ ಮಾಡ್ಸುದ್ರು?"

ದೊಡ್ಡಣ್ಣ ಕೊಟ್ಟಿಗೆಯ ಬಾಗಿಲ ಕಡೆ ನೋಡುತ್ತಿದ್ದರು. ಅಲ್ಲಿ, ಮಾಯಣ್ಣನ ಜೊತೆ ಮರ ಕೊಯ್ಯುವಾಗ ಸತ್ತ ದುರ್ಗಯ್ಯನ ಹೆಂಡತಿ ರಾಧಾಮಣಿ ಬಂದು ನಿಂತಿದ್ದಳು. ಗಂಡ ಸತ್ತ ಮೇಲೆ ಅವಳು ಈ ಮನೆಯ ಅಂಗಳ ತುಳಿದಿರಲಿಲ್ಲ.

*

ಮಾಯಣ್ಣ ಮರ ಕೊಯ್ಯುತ್ತಿದ್ದ, ದುರ್ಗಯ್ಯ ಹಗ್ಗ ಹಿಡಿಯುತ್ತಿದ್ದ. ಹದಿನಾಲ್ಕು ವರ್ಷ ಇಬ್ಬರೂ ಜೊತೆಗೇ ಕೆಲಸ ಮಾಡಿದ್ದರು. ಕೊನೆಕೊನೆಗೆ ಗರಗಸಕ್ಕೆ ಒಂದು ರೋಗ ಹತ್ತಿತ್ತು. ರೇಸಿನಿಂದ ಬೆರಳು ತೆಗೆದರೆ ಎಂಜಿನ್ ನಿಂತುಬಿಡುತ್ತಿತ್ತು. ಕಾದಿದ್ದಾಗ ನಿಂತರಂತೂ ಅರ್ಧ ಗಂಟೆ ಆರುವ ತನಕ ಎಷ್ಟು ಎಳೆದರೂ ಹತ್ತುತ್ತಿರಲಿಲ್ಲ.

"ತಿಪಟೂರಿಗೆ ತಗೊಂಡೋಗಿ ತೋರ್ಸಣ್ಣ," ಎನ್ನುತ್ತಿದ್ದ ದುರ್ಗಯ್ಯ.

"ಈ ವಾರ ಕಳೀಲಿ ಬುಡು," ಎನ್ನುತ್ತಿದ್ದ ಮಾಯಣ್ಣ.

ಒಂಬತ್ತು ವರ್ಷದ ಹಿಂದೆ ಒಂದು ದಿನ ಸುಳಿ ಒಣಗಿದ ಏಳು ತೆಂಗು ಉರುಳಿಸಬೇಕಿತ್ತು. ಆರು ಮುಗಿಯುವಾಗ ಮಧ್ಯಾಹ್ನವಾಗಿತ್ತು. ಏಳನೆಯದಕ್ಕೆ ಕಟ್ಟಿದ್ದ ಹಗ್ಗ ಪಕ್ಕದ ಮರದ ಗರಿಗೆ ಸಿಕ್ಕಿಕೊಂಡಿತು. ಬಿಡಿಸಲೆಂದು ದುರ್ಗಯ್ಯ ಮರ ಬೀಳುವ ದಿಕ್ಕಿಗೇ ಬಂದ.

"ನಿಲ್ಸಣ್ಣ," ಎಂದು ಕೂಗಿದ.

ಮಾಯಣ್ಣನಿಗೆ ಕೇಳಿಸಿತು. ಬೆರಳು ತೆಗೆದರೆ ಎಂಜಿನ್ ನಿಲ್ಲುತ್ತದೆ, ಕೊಯ್ಯಲು ಇನ್ನು ನಾಲ್ಕು ಬೆರಳಷ್ಟೇ ಇದೆ ಎಂದುಕೊಂಡ. ಎರಡನೆಯ ಸಲ ಕೂಗಿದ್ದೂ ಕೇಳಿಸಿತು. ಅಷ್ಟರಲ್ಲಿ ಮರ ಲಟಲಟ ಎಂದಿತು.

ಮೆಷಿನ್ ಸದ್ದಿನಲ್ಲಿ ಏನೂ ಕೇಳಲಿಲ್ಲ, ಕೂಗಿದನೋ ಇಲ್ಲವೋ ಗೊತ್ತಿಲ್ಲ ಎಂದು ಮಾಯಣ್ಣ ಪೊಲೀಸರ ಮುಂದೆ ಹೇಳಿದ. ಊರಿನವರಿಗೂ ಅದನ್ನೇ ಹೇಳಿದ. ದುರ್ಗಯ್ಯ ಬೀಡಿ ಹಚ್ಚಿಕೊಂಡು ಮೈಮರೆತು ನಿಂತಿದ್ದನಂತೆ, ಒಂದು ಮಾತು ಕೂಗಬಾರದಿತ್ತೇ ಎಂದು ಊರವರು ಮುಂದಿನದನ್ನು ತಾವೇ ಸೇರಿಸಿಕೊಂಡರು. ರಾಧಾಮಣಿ ನಲ್ಲಿಯ ಹತ್ತಿರ, ಬಸ್ಸಿನಲ್ಲಿ, ನೆಂಟರ ಮನೆಯಲ್ಲಿ ಈ ಮಾತು ಕೇಳಿಸಿಕೊಂಡೇ ಒಂಬತ್ತು ವರ್ಷ ಕಳೆದಳು.

*

ಚಿಕ್ಕಗೌರಮ್ಮ ಒಳಗಿನಿಂದ ಎಣ್ಣೆ ಬೆರೆಸಿದ ಪೆಟ್ರೋಲಿನ ಕ್ಯಾನ್ ತಂದು ಶಿವಮೂರ್ತಿಯ ಮುಂದಿಟ್ಟರು. ಅತ್ತು ಅತ್ತು ದನಿ ಕೂತುಹೋಗಿತ್ತು.

"ಹೋದ್ ಭಾನುವಾರ ಬೆರೆಸಿಟ್ಟಿದ್ದು. ಪ್ರತಿ ಭಾನುವಾರ ಬಿಚ್ಕೊಂಡು ಕೂರೋರು. ಎಲ್ಲ ಒರೆಸಿ ಜೋಡ್ಸಿ, ಸ್ಟಾರ್ಟ್ ಮಾಡಿ, ರೇಸ್ ಕೊಟ್ಕೊಂಡು ನನ್ನ ಆ ಬೇವಿನ ಮರದ ತಾವಿಕ್ಕೆ ಕಳ್ಸೋರು. ಅಲ್ಲಿಂದ ಕೂಗು ಅನ್ನೋರು. ಕಿವಿ ಮಂದ ಆಗೈತೇನೋ, ಪರೀಕ್ಷೆ ಮಾಡ್ಕೋತವ್ರೆ ಅಂದ್ಕೊಂಡಿದ್ದೆ."

"ಏನಂತ ಕೂಗಿಸೋರಕ್ಕ?" ಎಂದಳು ರಾಧಾಮಣಿ.

ಅವಳು ಅಲ್ಲಿರುವುದನ್ನು ಚಿಕ್ಕಗೌರಮ್ಮ ನೋಡಿದ್ದು ಆಗಷ್ಟೇ. ಸೆರಗಿನ ತುದಿಯಿಂದ ಮುಖ ಒರೆಸಿಕೊಂಡರು.

"ನಿಲ್ಸಣ್ಣ ಅಂತ. ಕಟ್ಕೊಂಡ ಗಂಡನ್ನ ಅಣ್ಣ ಅಂತ ಹೆಂಗೆ ಕೂಗ್ಲಿ ಅಂದೆ. ಹಂಗೇ ಕೂಗ್ಬೇಕು ಅಂದ್ರು."

ಶಿವಮೂರ್ತಿ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಕೇಳ್ಸೋದಾ ಅವ್ರಿಗೆ?" ಎಂದಳು ರಾಧಾಮಣಿ.

"ಒಂದಿನಾನೂ ಕೇಳ್ಸಲಿಲ್ಲ ಅನ್ಲಿಲ್ಲ. ಆಫ್ ಮಾಡಿ ಇಲ್ಲೇ ಕೂತ್ಬುಡೋರು. ಊಟಕ್ಕೆ ಕರುದ್ರೆ ಏಳ್ತಿರ್ಲಿಲ್ಲ."

ಹೊರಗೆ ಯಾರೋ ಹೂವಿನ ಹಾರ ಸಾಲದೆಂದು ಹೇಳುತ್ತಿದ್ದರು. ರಾಧಾಮಣಿ ಬಾಗಿಲ ಕಂಬ ಹಿಡಿದುಕೊಂಡಳು.

"ಹಂಗಾದ್ರೆ ನಮ್ಮೋರು ಕೂಗವ್ರೆ," ಎಂದಳು.

ಚಿಕ್ಕಗೌರಮ್ಮ ತಲೆ ತಗ್ಗಿಸಿದರು. ದೊಡ್ಡಣ್ಣ ಗಂಟಲು ಸರಿಮಾಡಿಕೊಂಡು, "ಹೊತ್ತಾಯ್ತು, ಆಮೇಲೆ ಕೂತು ಮಾತಾಡಣ," ಎಂದರು. ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಶಿವಮೂರ್ತಿ ರಾಧಾಮಣಿಯ ಕಡೆಗೇ ನೋಡುತ್ತಿದ್ದ.

"ನೀವು ಬ್ಯಾಡ ಅಂದ್ರೆ ಮುಟ್ಟಲ್ಲ ಕಣಕ್ಕ. ಕೊಡ್ಲೀಲೇ ಕಡಿಯಣ."

ಅವಳು ಒಳಗೆ ಬಂದು ಪೆಟ್ರೋಲಿನ ಕ್ಯಾನನ್ನು ಅವನ ಕಡೆ ಸರಿಸಿದಳು.

"ಮಾಡಪ್ಪ," ಎಂದಳು. "ಎಲ್ರಿಗೂ ಕೇಳ್ಸಂಗೆ ಮಾಡು."

*

ಒಂದೇ ಎಳೆತಕ್ಕೆ ಎಂಜಿನ್ ಹತ್ತಿತು. ಬೆರಳು ತೆಗೆದರೂ ನಿಲ್ಲದೆ, ಒಂದೇ ಹದದಲ್ಲಿ ಗುರುಗುಟ್ಟುತ್ತಿತ್ತು. ಅಂಗಳದಲ್ಲಿ ಕೂತಿದ್ದವರು ಮಾತು ನಿಲ್ಲಿಸಿದರು. ಶಿವಮೂರ್ತಿ ಗರಗಸ ಹಿಡಿದು ಓಣಿಗೆ ನಡೆದಾಗ ಅವನ ಹಿಂದೆ ಹೋದವಳು ರಾಧಾಮಣಿ ಒಬ್ಬಳೇ.

ಹುಣಸೆಯ ಬೊಡ್ಡೆಯನ್ನು ಎರಡು ಕಡೆ ಕೊಯ್ದು, ನಡುವಿನ ದಿಮ್ಮಿಯನ್ನು ಆಮೇಲೆ ಬಂದ ನಾಲ್ಕು ಜನ ಬೇಲಿಯ ಮಗ್ಗುಲಿಗೆ ಉರುಳಿಸಿದರು. ಎಂಜಿನ್ ಆರಿಸಿದ ಮೇಲೂ ಶಿವಮೂರ್ತಿಯ ಕಿವಿಯಲ್ಲಿ ಆ ಸದ್ದು ಹೋಗಲಿಲ್ಲ. ಅದರೊಳಗೆ ಯಾರೋ ಕೂಗಿದಂತಾಗಿ ಎರಡು ಸಲ ಹಿಂದಿರುಗಿ ನೋಡಿದ. ತೋಟದ ಕಡೆ ಯಾರೂ ಇರಲಿಲ್ಲ.

ಹೊತ್ತವರು ಚಟ್ಟ ತಂದಾಗ ರಾಧಾಮಣಿ ಆ ದಿಮ್ಮಿಯ ಮೇಲೆ ಕೂತಿದ್ದಳು. ಓಣಿ ಇಕ್ಕಟ್ಟಾಗಿತ್ತು. ದಾರಿಯಾಗಲೆಂದು ಕಾಲು ಮೇಲಕ್ಕೆಳೆದುಕೊಂಡಳು, ಆದರೆ ಏಳಲಿಲ್ಲ. ಹೆಣ ಅವಳ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿ ಹಾದುಹೋಗುವಾಗಲೂ ಮುಖವನ್ನು ಬೇಲಿಯ ಕಡೆಗೇ ತಿರುಗಿಸಿಕೊಂಡಿದ್ದಳು.

ಜನ ಮುಂದೆ ಹೋದರು. ಚಿಕ್ಕಗೌರಮ್ಮ ಹಿಂದುಳಿದು ದಿಮ್ಮಿಯ ಇನ್ನೊಂದು ತುದಿಯಲ್ಲಿ ಕೂತರು. ಇಬ್ಬರ ನಡುವೆ ಒಬ್ಬರು ಕೂರುವಷ್ಟು ಜಾಗವಿತ್ತು. ಮರದ ಪೊಟರೆ ಒಡೆದು ಹೊರಬಿದ್ದ ಕಟ್ಟಿರುವೆಗಳು ಅಲ್ಲಿ ತಮ್ಮ ಮೊಟ್ಟೆಗಳನ್ನು ಕಚ್ಚಿಕೊಂಡು ಅತ್ತಿಂದಿತ್ತ ಓಡುತ್ತಿದ್ದವು.